ಹಲ್ಲಿರುವಾಗಲೇ ಕಡಲು



ಇತ್ತೀಚೆಗೆ ಕೊಟ್ಟೂರಿನಲ್ಲಿ ನಮ್ಮ ಬಂಧುಗಳೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಹೋಳಿಗೆಯೂಟ ಮುಗಿದು, ಎಲೆಯಡಿಕೆಯ ತಟ್ಟೆಯ ಸುತ್ತ ಹಿರಿಯರೆಲ್ಲ ಕುಳಿತಿದ್ದಾಗ ಒಂದು ನ್ಯಾಯ ನನ್ನ ಮುಂದೆ ಬಂದಿತು. ಆರೋಪಿಗಳು ಇಬ್ಬರು: ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮತ್ತು ಆತನ ಪತ್ನಿ. ಇಬ್ಬರಿಗೂ ಬೆಂಗಳೂರಿನಲ್ಲಿ ಉದ್ಯೋಗ. ಮದುವೆಯಾಗಿ ನಾಲ್ಕು ವರ್ಷ. ಪ್ರತಿ ವರ್ಷ ಡಿಸೆಂಬರ್ ಕೊನೆಯ ವಾರದಲ್ಲಿ ಕಚೇರಿಗೆ ರಜೆ ಸಿಕ್ಕೊಡನೆ ಬೆನ್ನಿಗೆ ಒಂದೊಂದು ಚೀಲ ಏರಿಸಿಕೊಂಡು ಯಾವುದಾದರೊಂದು ದ್ವೀಪಕ್ಕೆ ಹೊರಟುಬಿಡುತ್ತಾರೆ. ಒಂದು ವರ್ಷ ಅಂಡಮಾನ್, ಮರುವರ್ಷ ಶ್ರೀಲಂಕಾ, ಕಳೆದ ಬಾರಿ ಬಾಲಿ. ಊರಿಗೆ ಬರುವುದು ಮಾತ್ರ ಜಾತ್ರೆಗೆ ಎರಡು ದಿನ.

"ಇದೇನು ರೂಢಿ ಮೇಷ್ಟ್ರೇ? ಮನೆ ಕಟ್ಟುವ ವಯಸ್ಸಿನಲ್ಲಿ, ಮಕ್ಕಳಾಗುವ ವಯಸ್ಸಿನಲ್ಲಿ, ಗಂಡಹೆಂಡತಿ ಇಬ್ಬರೇ ಅಲೆಮಾರಿಗಳಂತೆ ಸುತ್ತುವುದು! ನಿಮ್ಮ ಶಿಷ್ಯ, ನೀವಾದರೂ ನಾಲ್ಕು ಬುದ್ಧಿಮಾತು ಹೇಳಿ" ಎಂದು ಹುಡುಗನ ದೊಡ್ಡಪ್ಪನವರು ನನ್ನತ್ತ ನೋಡಿದರು. ನಾನು ಹೇಳುವ ಬುದ್ಧಿ ಯಾರ ಪರವಾಗಿರುತ್ತದೆಂಬುದರಲ್ಲಿ ಅಲ್ಲಿ ಯಾರಿಗೂ ಸಂಶಯವಿದ್ದಂತಿರಲಿಲ್ಲ.

"ಅವನಿಗೆ ಹೇಳುವುದೇನೂ ಇಲ್ಲ. ನಿಮಗೆ ಹೇಳುವುದು ಸ್ವಲ್ಪ ಇದೆ" ಎಂದೆ. ಅಷ್ಟರಲ್ಲಿ ಚಹಾ ಬಂದಿತು. ಮಾತು ಮಳೆಬೆಳೆಗಳ ಕಡೆ ತಿರುಗಿತು. ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಗಂಡಹೆಂಡತಿ ಇಬ್ಬರೇ, ಹೊತ್ತುಕೊಳ್ಳಬಹುದಾದಷ್ಟೇ ಸಾಮಾನು ಹೊತ್ತು, ಕಾಲಿನಲ್ಲಿ ಶಕ್ತಿಯಿರುವಾಗಲೇ ದೂರದ ಊರನ್ನು ನೋಡಿ ಬರುವುದು ಸೋಮಾರಿತನವೂ ಅಲ್ಲ, ದುಂದೂ ಅಲ್ಲ. ಅದು ಸಂಸಾರದ ಕರ್ತವ್ಯಗಳಲ್ಲಿ ಒಂದು. ನಾನು ಆ ಕರ್ತವ್ಯವನ್ನು ಮೂವತ್ತಾರು ವರ್ಷ ಮುಂದೂಡಿದವನು. ಮುಂದೂಡಿದ್ದರಿಂದ ಏನು ಕಳೆದುಕೊಂಡೆನೆಂಬುದು ತಿಳಿದದ್ದು ನನ್ನ ಅರವತ್ತೈದನೆಯ ವಯಸ್ಸಿನಲ್ಲಿ, ಅದೇ ಅಂಡಮಾನಿನ ಒಂದು ಸಣ್ಣ ದ್ವೀಪದ ಕಡಲ ದಂಡೆಯ ಮೇಲೆ.

ನಿಮ್ಮಲ್ಲಿ ಬಹುತೇಕರಿಗೆ ಗೊತ್ತಿರುವಂತೆ ನನ್ನ ಸೇವೆಯೆಲ್ಲ ಐದು ತಾಲ್ಲೂಕುಗಳ ಒಳಗೇ ಮುಗಿಯಿತು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದೂ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿವೆ. ಈ ಒಣನೆಲದಲ್ಲಿ ನಿಂತು ನಾನು ಮೂವತ್ತಮೂರು ವರ್ಷ ಹವಳದ ದಿಬ್ಬಗಳು ಹೇಗೆ ಬೆಳೆಯುತ್ತವೆ, ಮ್ಯಾಂಗ್ರೋವ್ ಕಾಡಿನ ಬೇರುಗಳು ಏಕೆ ನೀರಿನಿಂದ ಮೇಲಕ್ಕೇಳುತ್ತವೆ, ಉಷ್ಣವಲಯದ ದ್ವೀಪಗಳಲ್ಲಿ ಮಳೆ ಎಷ್ಟು ಎಂದು ಪಾಠ ಹೇಳಿದೆ. ಕಪ್ಪುಹಲಗೆಯ ಮೇಲೆ ಬಂಗಾಳ ಕೊಲ್ಲಿ ಬರೆದು, ಅದರಲ್ಲಿ ಸುಣ್ಣದ ಕಡ್ಡಿಯಿಂದ ಮೇಲಿಂದ ಕೆಳಗೆ ಒಂದಿಷ್ಟು ಚುಕ್ಕೆ ಇಟ್ಟರೆ ಅದೇ ಅಂಡಮಾನ್. ಆ ಚುಕ್ಕೆಗಳನ್ನು ಕಣ್ಣಾರೆ ನೋಡಬೇಕೆಂಬ ಆಸೆಯಿರಲಿಲ್ಲವೆಂದಲ್ಲ. ನಿವೃತ್ತಿಯಾಗಲಿ ಎಂದಿದ್ದೆ.

ನಮ್ಮ ಶಾಲೆಗಳಿಗೆ ದಸರಾ ರಜೆಯುಂಟು, ಬೇಸಿಗೆ ರಜೆಯುಂಟು, ಚಳಿಗಾಲದ ರಜೆಯೆಂಬುದಿಲ್ಲ. ಡಿಸೆಂಬರ್ ಎಂದರೆ ಶೈಕ್ಷಣಿಕ ಪ್ರವಾಸದ ತಿಂಗಳು. ಇಪ್ಪತ್ತೆರಡು ಬಾರಿ ನಿಮ್ಮಂಥ ಮಕ್ಕಳನ್ನು ಕರೆದುಕೊಂಡು ಜೋಗ, ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಮೈಸೂರು, ಮುರುಡೇಶ್ವರ, ಗೋಕರ್ಣ ಸುತ್ತಿದ್ದೇನೆ. ಬಸ್ಸು ಬೆಳಗಿನ ನಾಲ್ಕಕ್ಕೆ ಹೊರಡುವುದೆಂದರೆ ಮನೆಯಾಕೆ ಎರಡಕ್ಕೇ ಎದ್ದು ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಡುವಳು. ವಾಂತಿಯಾಗುವ ಮಕ್ಕಳಿಗೆಂದು ನಿಂಬೆಹಣ್ಣು, ನೆಗಡಿಗೆ ಅಮೃತಾಂಜನ, ಚಳಿಗೆ ನನ್ನ ಮಫ್ಲರ್, ಎಲ್ಲ ಚೀಲಕ್ಕಿಡುವಳು. ಇಪ್ಪತ್ತೆರಡು ಬಾರಿಯೂ ಬಾಗಿಲಲ್ಲಿ ನಿಂತು ಕಳಿಸಿದಳು. ಒಂದು ಬಾರಿಯೂ ಬಸ್ಸು ಹತ್ತಲಿಲ್ಲ. ಹತ್ತು ಎಂದು ನಾನೂ ಹೇಳಲಿಲ್ಲ.

2019ರಲ್ಲಿ ನಿವೃತ್ತನಾದೆ. ಆಗ ಮಗಳ ಮದುವೆ, ಆಮೇಲೆ ಕೊರೋನಾ, ಆಮೇಲೆ ನನ್ನ ತಾಯಿಯ ಕೊನೆಯ ದಿನಗಳು. ಕಾರಣಗಳಿಗೆ ಬರವೇ? ಕೊನೆಗೆ ಹೊರಟದ್ದು 2024ರ ಡಿಸೆಂಬರಿನಲ್ಲಿ, ಅದೂ ಮಗಳ ಒತ್ತಾಯದಿಂದ. ಆಕೆ ತನ್ನ ಎರಡು ಬೆನ್ನುಚೀಲಗಳನ್ನು ತಂದಿಟ್ಟು, "ಇದರಲ್ಲಿ ಹಿಡಿಸಿದಷ್ಟೇ ಸಾಮಾನು. ಸೂಟ್‌ಕೇಸ್ ಒಯ್ದರೆ ಅಪ್ಪ ಅದನ್ನು ಕಾಯುತ್ತಲೇ ಕೂಡುತ್ತಾರೆ" ಎಂದಳು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. ಒಂದೊಂದು ಆರು ಕಿಲೋ. ಅದರಲ್ಲಿ ಎರಡು ಜೊತೆ ಬಟ್ಟೆ, ಮಾತ್ರೆಗಳು, ಈಕೆಯ ಮೊಣಕಾಲಿನ ಪಟ್ಟಿ, ಒಂದು ಗಂಟು ಕಡಕ್ ಜೋಳದ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ. ರಾತ್ರಿ ಬಸ್ಸಿನಲ್ಲಿ ಬೆಂಗಳೂರು, ಅಲ್ಲಿಂದ ವಿಮಾನದಲ್ಲಿ ಸುಮಾರು ಎರಡೂವರೆ ಗಂಟೆ. ಪೋರ್ಟ್ ಬ್ಲೇರ್ ಎಂದು ನಾನು ಕಲಿಸಿದ ಊರಿಗೆ ಆ ಸೆಪ್ಟೆಂಬರಿನಲ್ಲಷ್ಟೇ ಶ್ರೀ ವಿಜಯಪುರಂ ಎಂದು ಹೊಸ ಹೆಸರು ಘೋಷಣೆಯಾಗಿತ್ತು.

ಮೊದಲ ಸಂಜೆಯೇ ಒಂದು ಪಾಠವಾಯಿತು. ಐದು ಗಂಟೆ ದಾಟಿ ನಾಲ್ಕೈದು ನಿಮಿಷಕ್ಕೆ ಸೂರ್ಯ ಮುಳುಗಿದ. ಈಕೆ ಗಾಬರಿಯಿಂದ, "ನಿಮ್ಮ ಗಡಿಯಾರ ನಿಂತಿದೆಯೇನು ನೋಡಿ" ಎಂದಳು. ನಾನು ಮೇಷ್ಟ್ರಾದೆ. ನಮ್ಮ ದೇಶದ ಗಡಿಯಾರಗಳೆಲ್ಲ ಎಂಬತ್ತೆರಡೂವರೆ ಡಿಗ್ರಿ ಪೂರ್ವ ರೇಖಾಂಶದ ಸೂರ್ಯನನ್ನು ಅನುಸರಿಸುತ್ತವೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ನಮ್ಮ ಕೊಟ್ಟೂರು ಆ ರೇಖೆಯಿಂದ ಆರು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ. ಅಲ್ಲಿ ಸೂರ್ಯ ಗಡಿಯಾರಕ್ಕಿಂತ ಸುಮಾರು 25 ನಿಮಿಷ ಹಿಂದೆ. ಈ ಊರು ಹತ್ತು ಡಿಗ್ರಿ ಪೂರ್ವಕ್ಕಿದೆ. ಇಲ್ಲಿ ಸುಮಾರು 40 ನಿಮಿಷ ಮುಂದೆ. ಗಡಿಯಾರ ಒಂದೇ, ಆದರೆ ಹೊತ್ತು ಮುಳುಗುವುದರಲ್ಲಿ ಒಂದು ಗಂಟೆಯ ಅಂತರ. ಈಕೆ ಬೆರಳು ಮಡಿಸಿ ಲೆಕ್ಕ ಹಾಕಿ ಒಪ್ಪಿದಳು. ಆಮೇಲೆ, "ಇಷ್ಟು ವರ್ಷ ಊರ ಮಕ್ಕಳಿಗೆಲ್ಲ ಇದನ್ನು ಹೇಳಿದ್ದೀರಿ. ನನಗೊಂದು ಸಲ ಹೇಳಬಹುದಿತ್ತು" ಎಂದಳು. ಮುನಿಸಿನಿಂದಲ್ಲ, ಸಹಜವಾಗಿಯೇ ಅಂದದ್ದು. ನನಗೆ ಉತ್ತರ ಹೊಳೆಯಲಿಲ್ಲ.

ಮರುದಿನ ಸೆಲ್ಯುಲರ್ ಜೈಲು ನೋಡಿದೆವು. 1896ರಿಂದ 1906ರವರೆಗೆ ಕಟ್ಟಿದ ಆ ಕಟ್ಟಡದ ಏಳು ರೆಕ್ಕೆಗಳಲ್ಲಿ ಇಂದು ಮೂರು ಉಳಿದಿವೆ. ಕೈದಿಗೆ ಇನ್ನೊಬ್ಬ ಕೈದಿಯ ಮುಖ ಕಾಣಬಾರದೆಂಬುದೇ ಅದರ ರಚನೆಯ ತತ್ತ್ವ: ಒಂದು ಸಾಲಿನ ಕೋಣೆಗಳ ಬಾಗಿಲು ಇನ್ನೊಂದು ಸಾಲಿನ ಬೆನ್ನನ್ನೇ ನೋಡುತ್ತದೆ. ಆದರೆ ಈ ಜೈಲಿಗಿಂತ ಮೊದಲೇ, 1858ರಿಂದಲೇ, ಬ್ರಿಟಿಷರು ಕೈದಿಗಳನ್ನು ಅಲ್ಲಿಗೆ ಸಾಗಿಸುತ್ತಿದ್ದರು. ಕೆಲವು ವರ್ಷ ಒಳ್ಳೆಯ ನಡತೆಯಿಂದ ಕಳೆದವರಿಗೆ, ಅಲ್ಲಿಗೇ ಗಡೀಪಾರಾಗಿ ಬಂದ ಹೆಣ್ಣು ಕೈದಿಗಳನ್ನು ಮದುವೆಯಾಗಿ ಸಂಸಾರ ಹೂಡಲು ಅನುಮತಿಯಿತ್ತು. ಭಾಷೆ ಬೇರೆ, ಜಾತಿ ಬೇರೆ, ಪ್ರಾಂತ ಬೇರೆ. ಕಾಲಾಪಾನಿ ದಾಟಿದೊಡನೆ ಜಾತಿ ಹೋಯಿತೆಂದು ಊರವರು ಕೈಬಿಟ್ಟ ಇಬ್ಬರು ಪರಸ್ಪರ ಕೈಹಿಡಿದರು. ಆ ದಾಂಪತ್ಯಗಳ ಸಂತತಿ ಇಂದಿಗೂ ಅಲ್ಲಿದೆ. "ಅವರಿಗೆ ಇಬ್ಬರಲ್ಲದೆ ಮೂರನೆಯವರು ಯಾರಿದ್ದರು!" ಎಂದಳು ಈಕೆ. ನಮ್ಮಂಥ ತುಂಬಿದ ಮನೆಯ ಗಂಡಹೆಂಡಿರಿಗೆ ಎಂದೂ ಒದಗದ ಏಕಾಂತವದು, ಅದೂ ಶಿಕ್ಷೆಯ ರೂಪದಲ್ಲಿ.

ಅಲ್ಲಿಂದ ಸರ್ಕಾರಿ ದೋಣಿಯಲ್ಲಿ ಸ್ವರಾಜ್ ದ್ವೀಪ, ಆಮೇಲೆ ಶಹೀದ್ ದ್ವೀಪ. 2018ರ ಡಿಸೆಂಬರ್ 30ರವರೆಗೆ ಇವುಗಳ ಹೆಸರು ಹ್ಯಾವ್‌ಲಾಕ್ ಮತ್ತು ನೀಲ್. ದೋಣಿಯಲ್ಲಿ ಎರಡು ಗಂಟೆಗೂ ಮೀರಿದ ಪ್ರಯಾಣ. ಹೆಸರಿನಲ್ಲೇ ಹಡಗಿರುವ ಹೂವಿನಹಡಗಲಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ನಾನು, ಹೂ ತುಂಬಿದ ಹಡಗುಗಳು ತುಂಗಭದ್ರೆಯಲ್ಲಿ ತೇಲಿ ಹಂಪಿಗೆ ಹೋಗುತ್ತಿದ್ದವೆಂಬ ಪ್ರತೀತಿಯನ್ನು ಮಕ್ಕಳಿಗೆ ವರ್ಣಿಸುತ್ತಿದ್ದ ನಾನು, ಅರ್ಧ ಗಂಟೆಯಲ್ಲಿ ತಲೆಸುತ್ತಿ ಮಲಗಿದೆ. ಈಕೆ ಕಂಬಿ ಹಿಡಿದು ನಿಂತು ನೀರಿನಿಂದೆದ್ದು ಹಾರುವ ಮೀನುಗಳನ್ನು ನೋಡುತ್ತಿದ್ದಳು. ಇಪ್ಪತ್ತೆರಡು ಪ್ರವಾಸಗಳಲ್ಲಿ ಮಕ್ಕಳಿಗೆ ಹಂಚಿದ ನಿಂಬೆಹಣ್ಣು ಅಂದು ನನ್ನ ಮೂಗಿಗೆ ಬಂದಿತು.

ಸ್ವರಾಜ್ ದ್ವೀಪದಲ್ಲಿ ಒಂದು ಹಳ್ಳಿಯ ಹೆಸರು ವಿಜಯನಗರ. ನಮ್ಮ ಜಿಲ್ಲೆಯ ಹೆಸರು! ಈ ಎರಡು ದ್ವೀಪಗಳ ಬಹುಪಾಲು ಜನ ದೇಶವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಮಕ್ಕಳು, ಮೊಮ್ಮಕ್ಕಳು. ಹಾಗೆ ಬಂದವರಲ್ಲಿ ಕೆಲವರು ನಮ್ಮ ಸಿಂಧನೂರಿನ ಕ್ಯಾಂಪುಗಳಿಗೂ ಬಂದು ನೆಲೆಸಿದ್ದು ನಿಮಗೆ ಗೊತ್ತಿದೆ. ನಾವು ಉಳಿದುಕೊಂಡ ಮನೆಯ ಬಂಗಾಳಿ ಅಜ್ಜಿಯೊಂದಿಗೆ ಈಕೆ ಸಂಜೆಯೆಲ್ಲ ಮಾತಿಗೆ ಕುಳಿತಳು. ಇವಳದು ಹರಕುಮುರುಕು ಹಿಂದಿ, ಆಕೆಯದೂ ಅಷ್ಟೇ. ನನ್ನ ಮಾವನವರ ಮನೆತನ ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡು ಹಗರಿಬೊಮ್ಮನಹಳ್ಳಿಯ ಕಡೆಗೆ ಬಂದದ್ದು. "ನಮ್ಮ ಊರೂ ನೀರೊಳಗೇ ಇದೆ" ಎಂದು ಈಕೆ ಕೈಯಾಡಿಸಿ ತೋರಿಸಿದ್ದು ಆ ಅಜ್ಜಿಗೆ ಅರ್ಥವಾಯಿತು. ಮರುದಿನ ಬೆಳಿಗ್ಗೆ ನಮ್ಮ ಜೋಳದ ರೊಟ್ಟಿ ಅವರ ಮೀನಿನ ಸಾರಿನ ಪಕ್ಕದಲ್ಲಿ ಕುಳಿತಿತ್ತು. ನಮಗೆ ಬೇರೆ ಪಾತ್ರೆಯಲ್ಲಿ ಕುಂಬಳಕಾಯಿ ಪಲ್ಯ. ಮನೆಗೆ ಬಂದವರೆದುರು ನಾಲ್ಕು ಮಾತಾಡಲು ಹಿಂಜರಿಯುವವಳೆಂದು ನಾನು ತಿಳಿದಿದ್ದವಳು ಇವಳೇನಾ ಎನಿಸಿತು. ನಮ್ಮ ಮನೆಯಲ್ಲಿ ಮಾತಾಡುವ ಕೆಲಸವನ್ನೆಲ್ಲ ನಾನೇ ಮಾಡುತ್ತಿದ್ದುದರಿಂದ ಅವಳಿಗೆ ಸರದಿ ಬಂದಿರಲಿಲ್ಲ, ಅಷ್ಟೇ.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ.

ಡಿಸೆಂಬರ್ 26ರಂದು ನಾವು ಶಹೀದ್ ದ್ವೀಪದಲ್ಲಿದ್ದೆವು. ಸೀತಾಪುರ, ರಾಮನಗರ, ಭರತಪುರ, ಲಕ್ಷ್ಮಣಪುರ ಎಂದು ರಾಮಾಯಣದ ಹೆಸರುಗಳನ್ನೇ ಇಟ್ಟುಕೊಂಡ ಹಳ್ಳಿಗಳ ದ್ವೀಪವದು. ಅಂದಿಗೆ 2004ರ ಸುನಾಮಿಗೆ ಸರಿಯಾಗಿ ಇಪ್ಪತ್ತು ವರ್ಷ. ಆ ದಿನದವರೆಗೆ 'ಸುನಾಮಿ' ಎಂಬ ಪದ ನಮ್ಮ ಕಡೆಯ ಯಾವ ಮಗುವಿನ ಬಾಯಲ್ಲೂ ಇರಲಿಲ್ಲ. ಮರುವರ್ಷ ಅದು ಪರೀಕ್ಷೆಯ ಪ್ರಶ್ನೆಯಾಗಿತ್ತು. ಭರತಪುರದ ದಂಡೆಯಲ್ಲಿ ಮರದ ನೆರಳಿಗೆ ಕುಳಿತು ನಾನು ಅದನ್ನೇ ಹೇಳುತ್ತಿದ್ದೆ: ಸುಮಾತ್ರದ ಬಳಿ ಕಡಲತಳದಲ್ಲಿ ಭೂಕಂಪ, ಒಂದು ಫಲಕ ಇನ್ನೊಂದರ ಕೆಳಗೆ ಜಾರಿದ್ದು, ನಿಕೋಬಾರಿನ ತುದಿಯಲ್ಲಿರುವ ಇಂದಿರಾ ಪಾಯಿಂಟ್‌ನ ನೆಲವೇ ಹಲವು ಅಡಿ ಕುಸಿದದ್ದು. ಈಕೆ ಕೇಳಿಸಿಕೊಳ್ಳುತ್ತಿದ್ದವಳು ಮೆಲ್ಲಗೆ, "ಆ ದಿನ ನಾನು ಊಟ ಮಾಡಲಿಲ್ಲ" ಎಂದಳು.

2004ರ ಡಿಸೆಂಬರಿನಲ್ಲಿ ನಾವು ಹೂವಿನಹಡಗಲಿಯಲ್ಲಿದ್ದೆವು. 24ರ ಬೆಳಿಗ್ಗೆ ನಾನು ಮಕ್ಕಳೊಂದಿಗೆ ಪ್ರವಾಸ ಹೊರಟಿದ್ದೆ. ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿ ನಾನೇ ಅಂಟಿಸಿದ ಕಾರ್ಯಕ್ರಮದ ಹಾಳೆಯಲ್ಲಿ 'ಭಾನುವಾರ 26: ಮುರುಡೇಶ್ವರ' ಎಂದಿತ್ತು. ಬಸ್ಸು ಕೆಟ್ಟು ನಾವು ಆ ದಿನ ಜೋಗದಲ್ಲೇ ಉಳಿದೆವು. ಅದು ಅವಳಿಗೆ ತಿಳಿಯದು. ಮಧ್ಯಾಹ್ನ ಟಿ.ವಿ.ಯಲ್ಲಿ ಕಡಲು ಊರೊಳಗೆ ನುಗ್ಗುತ್ತಿರುವುದನ್ನು ಕಂಡಳು. ಬಂಗಾಳ ಕೊಲ್ಲಿ ಬೇರೆ, ಅರಬ್ಬೀ ಸಮುದ್ರ ಬೇರೆ ಎಂದು ವಿಂಗಡಿಸುವ ಭೂಗೋಳವನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವನು ನಾನು. ಅವಳಿಗೆ ಕಡಲೆಂದರೆ ಒಂದೇ ಕಡಲು.

ಸ್ವಲ್ಪ ಹೊತ್ತಿಗೆ ಮಕ್ಕಳ ತಾಯಂದಿರು ಒಬ್ಬೊಬ್ಬರಾಗಿ ನಮ್ಮ ಬಾಗಿಲಿಗೆ ಬಂದರಂತೆ. ಹತ್ತು ಹನ್ನೆರಡು ಮಂದಿ. ಕೆಲವರು ಅಳುತ್ತಿದ್ದರಂತೆ. ಈಕೆ ಎಲ್ಲರನ್ನೂ ಕೂರಿಸಿ, ಚಹಾ ಕಾಸಿಕೊಟ್ಟು, "ಈಗಷ್ಟೇ ಮೇಷ್ಟ್ರ ಫೋನು ಬಂದಿತ್ತು. ಎಲ್ಲ ಮಕ್ಕಳೂ ಕ್ಷೇಮ" ಎಂದು ಹೇಳಿ ಕಳಿಸಿದಳಂತೆ. ಫೋನು ಬಂದಿರಲಿಲ್ಲ. ಅವರನ್ನು ಕಳಿಸಿ, ಬಾಗಿಲು ಹಾಕಿಕೊಂಡು, ರಾತ್ರಿಯೆಲ್ಲ ಆ ಫೋನಿನ ಪಕ್ಕದಲ್ಲೇ ಕುಳಿತಿದ್ದಳು. ನಮಗೆ ಸುದ್ದಿ ತಿಳಿದದ್ದು ರಾತ್ರಿ. ಎಸ್‌ಟಿಡಿ ಬೂತಿನಿಂದ ಶಾಲೆಯ ಮುಖ್ಯಸ್ಥರ ಮನೆಗೆ ಒಂದು ಕರೆ ಮಾಡಿ, ಕ್ಷೇಮವೆಂದು ತಿಳಿಸಿ, ಕರ್ತವ್ಯ ಮುಗಿಯಿತೆಂದುಕೊಂಡೆ. ಮನೆಗೆ ಮಾಡಲಿಲ್ಲ. 28ಕ್ಕೆ ಬಂದಾಗ ಆಕೆ "ಬಂದಿರಾ" ಎಂದಳು. ನಾನು ಸ್ನಾನಕ್ಕೆ ನೀರು ಕಾದಿದೆಯೇ ಎಂದು ಕೇಳಿದ್ದಿರಬೇಕು.

ಇಪ್ಪತ್ತು ವರ್ಷ ಒಂದೇ ಸೂರಿನ ಕೆಳಗೆ ಇದ್ದೂ ಈ ಸಂಗತಿ ನನಗೆ ಗೊತ್ತಿರಲಿಲ್ಲ. "ಯಾಕೆ ಹೇಳಲಿಲ್ಲ?" ಎಂದೆ. "ನೀವು ಯಾವಾಗ ಸುಮ್ಮನೆ ಕೂತಿದ್ದಿರಿ, ಹೇಳಲಿಕ್ಕೆ?" ಎಂದಳು.

ಆ ಪ್ರವಾಸದಲ್ಲಿದ್ದ ಕೆಲವರು ಇದನ್ನು ಓದುತ್ತೀರಿ. ನಿಮ್ಮ ತಾಯಂದಿರನ್ನು ಕೇಳಿ ನೋಡಿ. ಆ ಚಹಾ ಅವರಿಗೆ ನೆನಪಿರಬಹುದು. ಅದನ್ನು ಕೊಟ್ಟವಳ ಸುಳ್ಳನ್ನು ಕ್ಷಮಿಸುವರೆಂದು ನಂಬಿದ್ದೇನೆ.

ಆ ದಿನವೇ ಮಧ್ಯಾಹ್ನ ಇಳಿತದ ಹೊತ್ತಿಗೆ ಲಕ್ಷ್ಮಣಪುರದ ನೈಸರ್ಗಿಕ ಸೇತುವೆ ನೋಡಲು ಹೋದೆವು. ಅಲೆಗಳು ಕೊರೆದು ಕಮಾನು ಮಾಡಿದ ಬಂಡೆಯದು. ನೀರು ಇಳಿದಾಗ ಮಾತ್ರ, ಪಾಚಿಗಟ್ಟಿದ ಚೂಪುಗಲ್ಲುಗಳ ಮೇಲೆ ನಡೆದು ಅದರ ಬುಡಕ್ಕೆ ಹೋಗಬೇಕು. ಕಲ್ಲುಗಳ ನಡುವಿನ ಹೊಂಡಗಳಲ್ಲಿ ನಕ್ಷತ್ರಮೀನು, ಹವಳ, ಬಣ್ಣಬಣ್ಣದ ಮರಿಮೀನುಗಳು. ಈಕೆ ಹತ್ತು ಹೆಜ್ಜೆ ಇಟ್ಟು ನಿಂತಳು. ಮೊಣಕಾಲು ಒಪ್ಪಲಿಲ್ಲ. ದಂಡೆಯ ಬಂಡೆಯೊಂದರ ಮೇಲೆ ಕುಳಿತು, "ನೀವು ನೋಡಿಕೊಂಡು ಬನ್ನಿ, ಬಂದು ಹೇಳಿ" ಎಂದಳು. ಹಾಗೆಂದಮೇಲೆ ತಾನೇ ನಕ್ಕು, "ಸುನಾಮಿ ಬಂದ ವರ್ಷ ನನಗೆ ನಲವತ್ತು. ಆಗ ಬಂದಿದ್ದರೆ ಓಡಿಹೋಗಿ ನೋಡುತ್ತಿದ್ದೆ" ಎಂದಳು.

ನಾನು ಹೋಗಲಿಲ್ಲ. ಇಬ್ಬರೂ ಆ ಬಂಡೆಯ ಮೇಲೆ ನೀರು ಏರುವವರೆಗೆ ಕುಳಿತಿದ್ದೆವು. ಇಪ್ಪತ್ತೆರಡು ಪ್ರವಾಸಗಳಲ್ಲಿ "ನೋಡಿಕೊಂಡು ಬನ್ನಿ, ಬಂದು ಹೇಳಿ" ಎಂಬುದನ್ನು ಕೇಳಿ ಹೋದವನು ಇಪ್ಪತ್ತಮೂರನೆಯದರಲ್ಲಾದರೂ ಕೂರಬೇಕಿತ್ತು.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ತರಗತಿಯಲ್ಲಿ ಸಾವಿರ ಸಲ ವಿಸ್ತರಿಸಿ ಬರೆಸಿದ್ದೇನೆ. ಅದರ ಅರ್ಥ ನನಗಾದದ್ದು ಅಂದು. ಕೊಟ್ಟೂರಿನ ಹಿರಿಯರೇ, ಈಗ ನಿಮ್ಮ ಆಕ್ಷೇಪಣೆಗಳಿಗೆ ಬರುತ್ತೇನೆ.

ಬೆನ್ನಿಗೆ ಚೀಲ ಹಾಕಿ ಅಲೆಯುವುದು ಪರದೇಶದ ರೂಢಿಯೆಂದಿರಿ. ನಿಮ್ಮ ಊರಿನ ರಥೋತ್ಸವಕ್ಕೆ ಪ್ರತಿ ವರ್ಷ ದಾವಣಗೆರೆಯಿಂದ ಪಾದಯಾತ್ರೆ ಬರುವವರ ಹೆಗಲ ಮೇಲೆ ಇರುವುದೇನು? ಶ್ರೀಶೈಲಕ್ಕೆ ನಡೆದುಹೋಗುವ ನಮ್ಮ ಸೀಮೆಯವರು ಸೂಟ್‌ಕೇಸ್ ಎಳೆದುಕೊಂಡು ಹೋಗುತ್ತಾರೆಯೇ? ಬುತ್ತಿಗಂಟು ಕಟ್ಟಿ, ಸಿಕ್ಕಲ್ಲಿ ಮಲಗಿ, ಕೊಟ್ಟದ್ದನ್ನುಂಡು ನಡೆಯುವುದನ್ನು ಜಗತ್ತಿಗೆ ನಾವೇ ಕಲಿಸಬಹುದು. ವಾರಗಟ್ಟಲೆ ಕೆಡದ ಕಡಕ್ ರೊಟ್ಟಿಯನ್ನು ಕಂಡುಹಿಡಿದವರು ಮನೆಯಲ್ಲೇ ಕೂರುವ ಜನವಾಗಿರಲಾರರು.

ಹಣವೆಂದಿರಿ. ಖರ್ಚು ಇದೆ, ಇಲ್ಲವೆನ್ನುವುದಿಲ್ಲ. ನಮ್ಮ ವೆಚ್ಚದಲ್ಲಿ ಅರ್ಧಕ್ಕೂ ಹೆಚ್ಚು ವಿಮಾನದ ಟಿಕೆಟ್ಟಿಗೇ ಹೋಯಿತು, ಏಕೆಂದರೆ ಎಲ್ಲರೂ ಹೋಗುವ ಡಿಸೆಂಬರ್ ಕೊನೆಯಲ್ಲೇ ಹೋದೆವು. ನಿವೃತ್ತರಿಗೆ ಆ ಅವಸರವೇಕೆ? ಜನವರಿ ಮಧ್ಯದಲ್ಲಿ ಹೋದರೆ ಕಡಲೂ ಶಾಂತ, ದರವೂ ಶಾಂತ. ಊಟ, ವಸತಿ, ಸರ್ಕಾರಿ ದೋಣಿ ಇವೆಲ್ಲ ಭಾರವೆನಿಸಲಿಲ್ಲ. ಅಂದಿನ ಗೃಹಪ್ರವೇಶದ ಪೆಂಡಾಲಿಗೂ ಊಟಕ್ಕೂ ಆದ ಖರ್ಚಿನಲ್ಲಿ ಮನೆಯ ಯಜಮಾನ ದಂಪತಿಗಳು ನಾಲ್ಕು ಬಾರಿ ಅಂಡಮಾನ್ ನೋಡಬಹುದಿತ್ತು. ನಾನೂ ಉಂಡವನೇ, ಆದರೂ ಹೇಳುತ್ತೇನೆ.

ಇಬ್ಬರೇ ಏಕೆ, ಮನೆಮಂದಿಯೆಲ್ಲ ಹೋಗಬಾರದೇ ಎಂದಿರಿ. ಹೋಗಲಿ, ಬೇಡವೆಂದವರಾರು? ಆದರೆ ಅದು ಬೇರೆ ಪ್ರವಾಸ. 2010ರಲ್ಲಿ ನಾವು ಬಂಧುಗಳೆಲ್ಲ ಸೇರಿ ಬಸ್ಸು ಮಾಡಿ ಕಾಶಿಗೆ ಹೋಗಿದ್ದೆವು. ಗಂಡಸರು ಮುಂದಿನ ಸೀಟಿನಲ್ಲಿ, ಹೆಂಗಸರು ಹಿಂದೆ. ಬಸ್ಸು ನಿಂತಲ್ಲೆಲ್ಲ ಹೆಂಗಸರು ಒಲೆ ಹಚ್ಚಿದರು. ಮನೆಯ ಅಡುಗೆಕೋಣೆಯೇ ಗಾಲಿ ಕಟ್ಟಿಕೊಂಡು ಗಂಗೆಯವರೆಗೆ ಹೋಗಿ ಬಂದಿತು. ಆ ಹದಿನೈದು ದಿನಗಳಲ್ಲಿ ನಾನೂ ನನ್ನವಳೂ ಹದಿನೈದು ಮಾತು ಆಡಿದ್ದೇವೋ ಇಲ್ಲವೋ. ಪುಣ್ಯ ಬಂದಿರಬಹುದು. ಪರಿಚಯವಾಗಲಿಲ್ಲ.

ಜವಾಬ್ದಾರಿ ಮುಗಿದಮೇಲೆ ಹೋಗಲಿ ಎಂದಿರಿ. ಇದಕ್ಕೆ ನಾನೇ ಉತ್ತರ. ಜವಾಬ್ದಾರಿ ಮುಗಿಯುವ ದಿನಕ್ಕೆ ಮೊಣಕಾಲು ಕಾಯುವುದಿಲ್ಲ.

ಆರೋಪಿ ದಂಪತಿಗಳನ್ನೂ, ಅವರಂಥ ನನ್ನ ಇತರ ವಿದ್ಯಾರ್ಥಿಗಳನ್ನೂ ಪೂರ್ತಿ ಬಿಟ್ಟುಕೊಡುವುದಿಲ್ಲ. ಅಲ್ಲಿ ಕಂಡ ಕೆಲವು ಎಳೆಯ ಜೋಡಿಗಳು ಒಬ್ಬರನ್ನೊಬ್ಬರು ಫೋನಿನ ಗಾಜಿನ ಮೂಲಕವೇ ನೋಡುತ್ತಿದ್ದರು. ಸೂರ್ಯಾಸ್ತ ಮುಗಿಯುವ ಮುನ್ನವೇ ಬೆನ್ನು ತಿರುಗಿಸಿ ಚಿತ್ರ ಸರಿಬಂದಿದೆಯೇ ಎಂದು ಪರೀಕ್ಷಿಸುತ್ತಿದ್ದರು. ಹವಳದ ಚೂರನ್ನು ಚೀಲಕ್ಕೆ ಸೇರಿಸಿ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತಲೆತಗ್ಗಿಸಿದವರನ್ನೂ ಕಂಡೆ. ಸತ್ತ ಹವಳವನ್ನೂ ತರುವಂತಿಲ್ಲ. ಇನ್ನು ಜಾರವ ಜನರ ಕಾಡಿನ ನಡುವೆ ಹಾದುಹೋಗುವ ಹೆದ್ದಾರಿ. ಅಲ್ಲಿ ಅವರ ಚಿತ್ರ ತೆಗೆಯುವುದು ಅಪರಾಧ. 2012ರಲ್ಲಿ ಜಾರವ ಹೆಣ್ಣುಮಕ್ಕಳನ್ನು ಪ್ರವಾಸಿಗರ ಮುಂದೆ ಕುಣಿಸಿದ ದೃಶ್ಯ ಹೊರಬಿದ್ದು ದೇಶವೇ ನಾಚಿತ್ತು. ಆ ದಾರಿಯಲ್ಲಿ ಸುಣ್ಣಕಲ್ಲಿನ ಗುಹೆಗಳಿವೆಯೆಂದು ಗೊತ್ತಿದ್ದೂ ನಾವು ಹೋಗಲಿಲ್ಲ. ಮನುಷ್ಯರನ್ನು ಬಸ್ಸಿನ ಕಿಟಕಿಯಿಂದ ನೋಡಲು ಹೋಗಬಾರದೆಂಬುದು ನನ್ನ ನಿಲುವು. ಕೊನೆಯದಾಗಿ, ರಾತ್ರಿ ಮನೆಗೆ ಒಂದು ಫೋನು ಮಾಡಿ. ಇದನ್ನು ಹೇಳುವ ಅಧಿಕಾರ ನನಗಿಲ್ಲ. ಅನುಭವವಿದೆ.

ಅಂಡಮಾನಿಗೆ ಹೋಗಲು ಎಲ್ಲರಿಗೂ ಸಾಧ್ಯವಿಲ್ಲವೆಂಬುದನ್ನು ಬಲ್ಲೆ. ಹಿಂಗಾರಿ ಜೋಳ ಹೊಲದಲ್ಲಿರುವಾಗ ರೈತ ಎಲ್ಲಿಗೆ ಹೋದಾನು? ಅಂಥವರಿಗೆ ಮಲ್ಪೆಯಿದೆ. ಅಲ್ಲಿಂದ ಸ್ವಲ್ಪ ಹೊತ್ತಿನ ದೋಣಿ ಪ್ರಯಾಣದಲ್ಲಿ ಸೇಂಟ್ ಮೇರಿಸ್ ದ್ವೀಪ. ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದ ಲಾವಾ ತಣಿದು ನಿಂತ ಕಲ್ಲುಕಂಬಗಳು ಅಲ್ಲಿವೆ. ಅದೂ ಆಗದಿದ್ದರೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವಿದೆ. 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಆ ಕೆರ‍ೆಗೆ ಚಳಿಗಾಲದಲ್ಲಿ ದೂರದೂರದ ಹಕ್ಕಿಗಳು ಬರುತ್ತವೆ. ಹೆಸರಿನಲ್ಲಿ ಸಮುದ್ರವೇ ಇದೆ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಗೆ ಬರಬಹುದು. ಇಬ್ಬರೇ ಹೋಗಿ. ದಂಡೆಯ ಮೇಲೆ ಸುಮ್ಮನೆ ಕೂತಿರಿ. ಆಕೆಗೋ ಆತನಿಗೋ ಹೇಳುವುದೇನಾದರೂ ಇದ್ದರೆ ಹೇಳಲು ಹೊತ್ತು ಸಿಗಲಿ.

ಅಂದಹಾಗೆ, ಆರೋಪಿ ಶಿಷ್ಯನಿಗೆ ಒಂದು ಮಾತು. ನೀವಿಬ್ಬರೂ ಅಂಡಮಾನಿಗೆ ಹೋದ ವರ್ಷ ಶಹೀದ್ ದ್ವೀಪದ ಆ ಕಲ್ಲಿನ ಕಮಾನಿನ ಕೆಳಗೆ ನಿಂತು ತೆಗೆಸಿಕೊಂಡ ಚಿತ್ರ ಇದೆಯೆಂದು ನಿನ್ನ ದೊಡ್ಡಪ್ಪನವರೇ ದೂರಿನ ನಡುವೆ ಹೇಳಿದರು. ಮುಂದಿನ ಸಲ ಊರಿಗೆ ಬಂದಾಗ ಅದನ್ನು ತೆಗೆದುಕೊಂಡು ಇಬ್ಬರೂ ಮನೆಗೆ ಬನ್ನಿ. ಕಮಾನು ಒಳಗಿನಿಂದ ಹೇಗೆ ಕಾಣುತ್ತದೆಂದು ನಿನ್ನ ಹೆಂಡತಿಯನ್ನೇ ಕೇಳಬೇಕಂತೆ ನಿಮ್ಮಮ್ಮನಿಗೆ, ಅಂದರೆ ನಮ್ಮ ಮನೆಯಾಕೆಗೆ. ನನ್ನ ವಿವರಣೆಯ ಮೇಲೆ ಅವಳಿಗೆ ನಂಬಿಕೆಯಿಲ್ಲ, ನಾನೂ ನೋಡಿಲ್ಲವಲ್ಲ.

ಎಲ್ಲರಿಗೂ ಶುಭವಾಗಲಿ.